ಗ್ಯಾಲರಿಯಲ್ಲಿ ಎದ್ದು ನಿಂತವನು

"ಗುರುಗಳೇ, ಕುಸ್ತಿಯಲ್ಲಿ ಒಬ್ಬನ ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು. ಓಟದಲ್ಲಿ ಮುಂದಿದ್ದವನು ಗೆದ್ದ. ಕಬಡ್ಡಿಗೆ ಒಂದು ಗಂಟೆಯೂ ಬೇಡ. ಐದು ದಿನ ಬಿಸಿಲಲ್ಲಿ ಕೂತು ಕ್ರಿಕೆಟ್ ನೋಡುತ್ತಾರಲ್ಲ, ಅವರಿಗೆ ಸಿಗುವ ಸುಖವಾದರೂ ಏನು?"

ಶಿಷ್ಯನೊಬ್ಬ ಸಂಜೆ ಹೀಗೆ ಕೇಳಿದ. ಕ್ರಿಕೆಟ್ಟಿನ ಮೇಲಿನ ಪ್ರೀತಿಯಿಂದ ಕೇಳಿದ್ದಲ್ಲ. ಗುರುಗಳು ಬೇರೆ ವಿಷಯ ಎತ್ತುವ ಮೊದಲು ತಾನೇ ಒಂದನ್ನು ಎತ್ತಿಬಿಡೋಣ ಅಂತ. ಮಧ್ಯಾಹ್ನ ಊಟದ ಸಾಲಿನಲ್ಲಿ ನಡೆದದ್ದು ಅಷ್ಟು ಹೊತ್ತಿಗೆ ಇಡೀ ಮಠಕ್ಕೆ ಗೊತ್ತಾಗಿತ್ತು. ಅವನ ಪಕ್ಕದಲ್ಲಿ ಕೂರುವ ಶಿಷ್ಯ ಸಂಗಯ್ಯನ ಅಪ್ಪ ಕಳ್ಳತನ ಮಾಡಿ ಜೈಲಿಗೆ ಹೋದ ಸುದ್ದಿ ಬೆಳಗ್ಗೆ ಬಂದಿತ್ತು. ಇವನು ತನಗೆ ಬಡಿಸಿದ ಎಲೆ ಬಿಟ್ಟು ಎದ್ದು, ಸಾಲಿನ ಆ ತುದಿಗೆ ಹೋಗಿ ಕೂತಿದ್ದ. ಎದ್ದವನನ್ನು ಎಲ್ಲರೂ ನೋಡಿದರು. ಕೂತೇ ಇದ್ದವನನ್ನು ಯಾರೂ ನೋಡಲಿಲ್ಲ.

ಗುರುಗಳು ಆ ಮಾತು ಎತ್ತಲಿಲ್ಲ. ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿ. ಕುಸ್ತಿ ಅಂದರೆ ಪ್ರಾಣ. ಕ್ರಿಕೆಟ್ ಅಂದರೆ ಕೆಲಸವಿಲ್ಲದವರ ಆಟ ಅನ್ನುತ್ತಿದ್ದ. ಪಕ್ಕದ ಬೀದಿಯಲ್ಲಿ ಒಬ್ಬ ದರ್ಜಿ. ರವಿಕೆ ಅಳತೆ ಕೊಟ್ಟು ಬರುತ್ತೇನೆ ಅಂತ ಹೋದ ವ್ಯಾಪಾರಿಯ ಮಗಳು, ದರ್ಜಿಯ ಮಗನ ಜೊತೆ ರಿಜಿಸ್ಟರ್ ಮದುವೆಯಾಗಿ ಬಂದಳು. ಒಂದು ರವಿಕೆಗೆ ಅಷ್ಟು ಸಲ ಅಳತೆ ಕೊಡುವುದುಂಟೇ ಅಂತ ಬೀದಿಯ ಹೆಂಗಸರಿಗೆಲ್ಲ ಮೊದಲೇ ಅನುಮಾನವಿತ್ತು. ಅಪ್ಪನೊಬ್ಬನಿಗೆ ಇರಲಿಲ್ಲ. ಅವನು ಮಗಳಿಗೆ ಬಾಗಿಲು ಹಾಕಿದ. ಬೀಗ ಎದುರಿಗೆ ಬಂದರೆ ರಸ್ತೆ ದಾಟಿ ನಡೆದ. ಮೊಮ್ಮಗು ಹುಟ್ಟಿತು, ಹೋಗಿ ನೋಡಲಿಲ್ಲ.

ಒಂದು ದಿನ ಗೆಳೆಯನೊಬ್ಬ ಟಿಕೆಟ್ ಕೊಟ್ಟು ಅವನನ್ನು ಬಲವಂತವಾಗಿ ಕ್ರಿಕೆಟ್ ಮೈದಾನಕ್ಕೆ ಕಳಿಸಿದ. ಆ ಗೆಳೆಯನ ಕೈಗೆ ಟಿಕೆಟ್ ಇಟ್ಟವಳು ಮಗಳೇ ಅಂತ ಆಮೇಲೆ ಜನ ಆಡಿಕೊಂಡರು. ಸುಳ್ಳಿರಲಾರದು.

ಪಂದ್ಯದ ಕೊನೆಯ ದಿನ. ನಮ್ಮವರು ಗೆಲ್ಲುವ ಮಾತು ಯಾವಾಗಲೋ ಮುಗಿದಿತ್ತು. ಸಂಜೆಯೊಳಗೆ ಹತ್ತನೆಯ ವಿಕೆಟ್ ಬೀಳದಿದ್ದರೆ ಸೋಲೊಂದು ತಪ್ಪುತ್ತಿತ್ತು. ವ್ಯಾಪಾರಿ ಸೀಟು ಹುಡುಕಿ ಕೂತು, ಬೆವರು ಒರೆಸಿಕೊಂಡು ಪಕ್ಕಕ್ಕೆ ತಿರುಗಿದ. ಅಲ್ಲಿ ಬೀಗ! ತೊಡೆಯ ಮೇಲೆ ಚಕ್ಕುಲಿ ಡಬ್ಬಿ ಇಟ್ಟುಕೊಂಡು ಕೂತಿದ್ದಾನೆ. ವ್ಯಾಪಾರಿ ಚೇಳು ಕಡಿದವನ ಹಾಗೆ ಎದ್ದು ನಿಂತ.

ಅದೇ ಚೆಂಡಿಗೆ ಒಂಬತ್ತನೆಯ ವಿಕೆಟ್ ಬಿತ್ತು.

ಗ್ಯಾಲರಿಯೆಲ್ಲ ಅವನ ಕಡೆ ತಿರುಗಿತು. ಹಿಂದಿನ ಸಾಲಿನ ಹೆಂಗಸೊಬ್ಬಳು ಅವನ ಭುಜ ಹಿಡಿದು ಕೂರಿಸಿಯೇಬಿಟ್ಟಳು. "ಬಂದ ಕೂಡಲೇ ಒಂದು ವಿಕೆಟ್ ತಿಂದಿರಲ್ಲ ಯಜಮಾನ್ರೇ! ಇನ್ನು ಆಟ ಮುಗಿಯೋವರೆಗೂ ಅಲ್ಲಾಡಿದರೆ ನೋಡಿ. ಉಚ್ಚೆ ಬಂದರೂ ಏಳಬೇಡಿ."

ಗ್ಯಾಲರಿಯ ಕಟ್ಟಳೆ ಅದು. ಆಡುವ ಇಬ್ಬರು ಕ್ರೀಸಿನಲ್ಲಿ ನೆಲೆ ನಿಂತಿರುವಾಗ, ನೋಡುವವರೂ ಕೂತಲ್ಲೇ ಕೂತಿರಬೇಕು. ಎದ್ದರೆ ವಿಕೆಟ್ ಬೀಳುತ್ತದೆ. ವ್ಯಾಪಾರಿಯ ಮೊಣಕೈ ಬೀಗನ ಮೊಣಕೈಗೆ ತಾಗಿಕೊಂಡಿತ್ತು. ಅದನ್ನು ತೆಗೆಯುವುದಕ್ಕೂ ಅವನಿಗೆ ಧೈರ್ಯ ಬರಲಿಲ್ಲ.

ಕೊನೆಯ ಆಟಗಾರ ಬಂದ. ಅವನು ಬೌಲಿಂಗ್ ಮಾಡುವವನು. ಬ್ಯಾಟು ಹಿಡಿದದ್ದು ಛತ್ರಿ ಹಿಡಿದ ಹಾಗಿತ್ತು. ಎದುರಾಳಿಗಳು ಅವನ ಸುತ್ತ ಬಂದು ನಿಂತರು. ಬೌಲರ್ ದೂರದಿಂದ ಓಡಿ ಬಂದ. ಆಗ ವ್ಯಾಪಾರಿ ಜನ್ಮದಲ್ಲಿ ಕಾಣದ್ದನ್ನು ಕಂಡ. ಅಷ್ಟು ಹೊತ್ತು ಸಂತೆಯ ಹಾಗೆ ಗಲಾಟೆ ಮಾಡುತ್ತಿದ್ದ ಸಾವಿರಾರು ಜನ ಒಟ್ಟಿಗೆ ಉಸಿರು ಹಿಡಿದರು. ಚೆಂಡು ಬ್ಯಾಟಿಗೆ ತಾಗಿದ್ದು ಮೊದಲು ಕಂಡಿತು. ಟಕ್ ಅನ್ನುವ ಸದ್ದು ಆಮೇಲೆ ಬಂತು. ಆ ಎರಡರ ನಡುವೆ ಅವನಿಗೆ ತನ್ನ ಹೆಸರೂ ನೆನಪಿರಲಿಲ್ಲ. ಎಲ್ಲರೂ ಉಸಿರು ಬಿಟ್ಟರು. ಬೌಲರ್ ಮತ್ತೆ ಓಡಿ ಬಂದ. ಮತ್ತೆ ಹಿಡಿದರು. ಗರಡಿಯಲ್ಲಿ ಅಂಥ ಗಳಿಗೆ ಬಂತೆಂದರೆ ಕುಸ್ತಿ ಮುಗಿಯಿತೆಂದೇ ಅರ್ಥ. ಇಲ್ಲಿ ಅದು ಬಂತು, ಹೋಯಿತು, ಮತ್ತೆ ಬಂತು. ನಡುವೆ, ಪಕ್ಕದಲ್ಲಿ ಒಬ್ಬನಿದ್ದಾನೆ ಅಂತ ನೆನಪಾಗುವಷ್ಟು ಬಿಡುವೂ ಇತ್ತು.

ಬಿಸಿಲು ಇಳಿಯಿತು. ಒಂದು ಚೆಂಡು ಕೊನೆಯ ಆಟಗಾರನ ಪಕ್ಕೆಗೆ ಬಡಿಯಿತು. ಅವನು ಬಗ್ಗಿದ, ನೆಟ್ಟಗಾದ, ಮತ್ತೆ ಬ್ಯಾಟು ಊರಿ ನಿಂತ. ವ್ಯಾಪಾರಿಗೆ ತಡೆಯಲಾಗಲಿಲ್ಲ. ಮುಖ ಮೈದಾನದ ಕಡೆಗೇ ಇಟ್ಟುಕೊಂಡು ಕೇಳಿದ: "ಅಯ್ಯೋ, ಇವನು ಒಂದಾದರೂ ಏಟು ಹೊಡೆಯಬಾರದೇ?"

ದರ್ಜಿಯೂ ಮುಖ ತಿರುಗಿಸಲಿಲ್ಲ. "ಹೊಡೆಯೋದೇನು ಬೀಗ್ರೇ, ಯಾರು ಬೇಕಾದರೂ ಹೊಡೀತಾರೆ. ನಿಂತಿರಬೇಕಲ್ಲ."

ಇನ್ನೊಂದು ಓವರ್ ಕಳೆಯಿತು.

"ಮಗು ಯಾರ ಹಾಗಿದೆ?"

"ಮೂಗು ನಿಮ್ಮದೇ. ಏನು ಮಾಡೋದು, ಹೆಣ್ಣುಮಗು ಬೇರೆ."

ಸಂಜೆ ಅಂಪೈರುಗಳು ಬೇಲ್ಸ್ ತೆಗೆದು ಆಟ ಮುಗಿಸಿದರು. ಆ ಇಬ್ಬರೂ ಔಟಾಗಿರಲಿಲ್ಲ. ಯಾರೂ ಗೆದ್ದಿರಲಿಲ್ಲ. ಆದರೂ ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟಿತು, ಎದುರಾಳಿಗಳೂ ತಟ್ಟಿದರು. ಕುಸ್ತಿ ನೋಡುತ್ತಲೇ ತಲೆ ನರೆತಿದ್ದ ವ್ಯಾಪಾರಿ, ಗೆಲುವಿಲ್ಲದ್ದಕ್ಕೆ ಜನ ಕಣ್ಣೊರೆಸಿಕೊಂಡದ್ದನ್ನು ಎಲ್ಲೂ ಕಂಡಿರಲಿಲ್ಲ. ಅವನು ಬಾಯಿ ತೆರೆದುಕೊಂಡು ಕೂತೇ ಇದ್ದ.

ಗ್ಯಾಲರಿ ಖಾಲಿಯಾಯಿತು. "ಇನ್ನು ಏಳಬಹುದು ಬೀಗ್ರೇ," ಅಂದ ದರ್ಜಿ.

ವ್ಯಾಪಾರಿ ಏಳಲಿಲ್ಲ. ಚಕ್ಕುಲಿ ಡಬ್ಬಿಯ ಕಡೆ ಕೈ ಚಾಚಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನಕ್ಕ. "ಚೆನ್ನಾಗಿದೆ ಗುರುಗಳೇ. ಆದರೆ ಇಲ್ಲಿ ಒಬ್ಬ ಎದ್ದರೆ ಅಷ್ಟು ದೂರದಲ್ಲಿ ಇನ್ನೊಬ್ಬ ಬೀಳುತ್ತಾನೆ ಅನ್ನುವುದು ಮೂಢನಂಬಿಕೆಯಲ್ಲವೇ?"

ಗುರುಗಳು ಕೇಳಿದರು: "ಮಧ್ಯಾಹ್ನ ನೀನು ಎದ್ದು ಹೋದ ಮೇಲೆ ಸಂಗಯ್ಯ ಉಂಡನೇನಪ್ಪ?"