ನೀರು ಹಾಕಿದವರು ಕೆಳಗೆ ಮಲಗಬೇಕು

ಒಂದು ಕಾಡಿನಲ್ಲಿ ದ್ಯಾಮಕ್ಕ ಎಂಬ ಕರಡಿ ಇದ್ದಳು. ಅವಳ ಗುಹೆ ದೊಡ್ಡದು, ಬೆಚ್ಚನೆಯದು. ದ್ಯಾಮಕ್ಕನಿಗೆ ಗಿಡಗಳೆಂದರೆ ಪ್ರಾಣ. ಮಳೆಗಾಲದಲ್ಲಿ ಹೊರಗೆ ಕಾಲಿಡಲು ಆಗದಿದ್ದರೂ ಕಣ್ಣಿಗೆ ಹಸಿರು ಬೇಕಲ್ಲ! ಅದಕ್ಕೆ ಬೇಲದ ಹಣ್ಣಿನ ಓಡುಗಳಲ್ಲಿ ಜರಿಗಿಡ, ಸೀತಾಳೆ ಎಲ್ಲ ನೆಟ್ಟು, ಬಳ್ಳಿ ಕಟ್ಟಿ, ಗುಹೆಯೊಳಗೆ ಮೇಲಿಂದ ತೂಗುಬಿಟ್ಟಿದ್ದಳು. ಅಬ್ಬಾ, ಅದರ ಚೆಂದವೇ ಚೆಂದ!

ಆದರೆ ಒಂದು ತಾಪತ್ರಯ. ಹೊರಗೆ ಧೋ ಎಂದು ಮಳೆ ಸುರಿದರೂ ಗುಹೆಯೊಳಗಿನ ಗಿಡಕ್ಕೆ ಒಂದು ಹನಿಯೂ ಸಿಗದು. ಯಾರಾದರೂ ನೀರು ಹಾಕಲೇಬೇಕು. ಹಾಕಿದರೆ ಓಡಿನ ತೂತಿನಿಂದ ತೊಟ್ಟಿಕ್ಕುತ್ತದೆ. ಸರಿಯಾಗಿ ಅದರ ಕೆಳಗೇ ದ್ಯಾಮಕ್ಕನ ಮರಿಗಳ ಹುಲ್ಲು ಹಾಸಿಗೆ ಇತ್ತು.

ನೀರು ಹಾಕುವ ಕೆಲಸ ಸುಬ್ಬಿ ಎಂಬ ಅಳಿಲಿನದು. ಆ ವರ್ಷದ ಮೊದಲ ಬಿರುಗಾಳಿಗೇ ಸುಬ್ಬಿಯ ಮರ ಉರುಳಿಬಿದ್ದಿತ್ತು. ಇನ್ನೂ ಕಣ್ಣು ಬಿಡದ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಅವಳು ಗುಹೆಯ ಬಾಗಿಲಿಗೆ ಬಂದಾಗ ದ್ಯಾಮಕ್ಕನ ಕರುಳು ಚುರುಕ್ ಎಂದಿತು.

"ಬಾರಮ್ಮ ಒಳಗೆ. ಮಳೆಗಾಲ ಮುಗಿಯೋವರೆಗೂ ಆ ಮೂಲೆ ನಿಂದೇ. ನನ್ನ ಗಿಡಗಳಿಗೆ ನೀರು ಹಾಕ್ಕೊಂಡಿರು, ಸಾಕು. ಆದ್ರೆ ನನ್ನ ಮಕ್ಕಳ ಹಾಸಿಗೆ ಮಾತ್ರ ನೆನೀಬಾರ್ದು ನೋಡು, ಅವಕ್ಕೆ ಬೇಗ ಶೀತ ಆಗುತ್ತೆ" ಎಂದಳು.

ಸುಬ್ಬಿ ಗುಹೆಯೊಳಗೆ ನೀರನ್ನೇ ತರುತ್ತಿರಲಿಲ್ಲ. ಮಳೆ ಬಿಡುವು ಕೊಟ್ಟಾಗ ಒಂದೊಂದೇ ಓಡನ್ನು ಬಿಚ್ಚಿ ಇಳಿಸಿ ಹೊರಗೆ ಒಯ್ಯುತ್ತಿದ್ದಳು. ಬಂಡೆಯ ಹೊಂಡದಲ್ಲಿ ಅದನ್ನು ಅದ್ದಿ, ಗುಳುಗುಳು ಗುಳ್ಳೆ ನಿಲ್ಲುವವರೆಗೂ ಹಿಡಿಯುತ್ತಿದ್ದಳು. ಆಮೇಲೆ ಬಾಗಿಲ ಬಳಿಯ ಕೊಂಬೆಗೆ ನೇತುಹಾಕಿ ಸುಮ್ಮನೆ ಕಾಯುತ್ತಿದ್ದಳು. ಹನಿಯೆಲ್ಲ ಸೋರಿ ನಿಂತ ಮೇಲೆ ಬಾಲದಿಂದ ತಳ ಒರೆಸಿ, ಮತ್ತೆ ಒಳಗೆ ಕಟ್ಟುತ್ತಿದ್ದಳು. ಕೆಲಸ ನಿಧಾನ, ಆದರೆ ಹಾಸಿಗೆ ಗರಿಗರಿ.

ಇದನ್ನೆಲ್ಲ ನೋಡಿ ಹೊಟ್ಟೆ ಉರಿಸಿಕೊಂಡವನು ಚೆನ್ನಪ್ಪ ಎಂಬ ಪುನುಗು ಬೆಕ್ಕು. ಮಳೆಗೆ ಅವನೂ ಅಲ್ಲೇ ಆಸರೆ ಪಡೆದಿದ್ದ, ಆದರೆ ಅವನಿಗೆ ಸಿಕ್ಕಿದ್ದ ಜಾಗ ಗುಹೆಯ ಬಾಗಿಲಲ್ಲಿ. ಅಲ್ಲಿ ಎರಚಲು ಹೊಡೆಯುತ್ತಿತ್ತು. ಸುಬ್ಬಿಯ ಬೆಚ್ಚನೆಯ ಮೂಲೆಯ ಮೇಲೆ ಅವನ ಕಣ್ಣು ಬಿತ್ತು. ಅಂಗೈಯಗಲದ ಅಳಿಲಿಗೆ ಅಷ್ಟು ಜಾಗವಂತೆ, ತನಗೆ ಈ ಎರಚಲಂತೆ ಎಂದು ಅವನು ಹಲ್ಲು ಕಡಿದ.

ಒಂದು ಮಧ್ಯಾಹ್ನ ಎಲ್ಲರೂ ಜೇನು ಹುಡುಕಲು ಹೋಗಿದ್ದರು. ಚೆನ್ನಪ್ಪ ಸೋರೆಬುರುಡೆಯಲ್ಲಿ ನೀರು ತುಂಬಿಕೊಂಡು ಬಂದು ಗಿಡದ ಮೇಲೆ ಸುರಿದು, ಏನೂ ಅರಿಯದವನಂತೆ ಬಂದು ಮಲಗಿದ. ದ್ಯಾಮಕ್ಕ ಬಂದು ನೋಡಿದರೆ ಹಾಸಿಗೆಯೆಲ್ಲ ಕೆಂಪು ರಾಡಿ! ಮರಿಗಳು ಆಕ್ಷೀ ಆಕ್ಷೀ ಎಂದು ಸೀನತೊಡಗಿದವು.

"ಏನೇ ಸುಬ್ಬಿ ಇದು?"

"ನಾನಲ್ಲ ದ್ಯಾಮಕ್ಕ, ನನ್ನ ಮಕ್ಕಳಾಣೆ! ಇವತ್ತು ನಾನು ಓಡನ್ನ ಮುಟ್ಟೇ ಇಲ್ಲ."

"ಅಯ್ಯೋ ಪಾಪ, ಬೈಬೇಡ ಅಕ್ಕ," ಎಂದು ಚೆನ್ನಪ್ಪ ನಡುವೆ ಬಾಯಿ ಹಾಕಿದ. "ಇಷ್ಟೇ ಇಷ್ಟು ಇರೋಳು ಎಷ್ಟು ಅಂತ ಮಾಡ್ತಾಳೆ? ಆ ಮೂಲೆ ನಂಗೆ ಕೊಡು. ಕಣ್ಣು ಮಿಟುಕಿಸೋದ್ರಲ್ಲಿ ಎಲ್ಲಾ ಗಿಡಕ್ಕೂ ನೀರು ಹಾಕಿ ಮುಗಿಸ್ತೀನಿ. ಒಂದು ತೊಟ್ಟು ಕೆಳಗೆ ಬಿದ್ರೆ ಕೇಳು!"

ದ್ಯಾಮಕ್ಕ ತಲೆ ಕೆರೆದುಕೊಂಡಳು. ಸುಬ್ಬಿ ತನ್ನ ಮೂಲೆಯ ಕಡೆ ತಿರುಗಿ ನೋಡಿದಳು. ಹೊರಗೆ ಜಡಿಮಳೆ. ಅಲ್ಲಿ ಅವಳ ಮರಿಗಳು ಒಂದರ ಮೇಲೊಂದು ಬಿದ್ದು ನಿದ್ದೆ ಹೋಗಿದ್ದವು. ಈ ಮಳೆಯಲ್ಲಿ ಅವನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಅವಳಿಗೆ ಅಳು ಒತ್ತರಿಸಿ ಬಂತು. ಆದರೂ ಧೈರ್ಯ ಮಾಡಿ ಹೇಳಿದಳು.

"ದ್ಯಾಮಕ್ಕ, ಒಂದು ಮಾತು. ಅರ್ಧ ಗಿಡಕ್ಕೆ ನಾನು ನೀರು ಹಾಕ್ತೀನಿ, ಇನ್ನರ್ಧಕ್ಕೆ ಚೆನ್ನಪ್ಪಣ್ಣ ಹಾಕಲಿ. ಆದ್ರೆ ನೀರು ಹಾಕಿದವರೇ ಅದರ ಕೆಳಗೆ ಹಾಸಿಗೆ ಹಾಸ್ಕೊಂಡು ಮಲಗಬೇಕು. ಯಾರ ಹಾಸಿಗೆ ನೆನೆಯಲ್ವೋ ಆ ಮೂಲೆ ಅವರದು."

"ಭೇಷ್!" ಎಂದಳು ದ್ಯಾಮಕ್ಕ. ಚೆನ್ನಪ್ಪನ ಮುಖ ಹುಳ್ಳಗಾಯಿತು. ಆದರೆ ಅಷ್ಟು ಜಂಭ ಕೊಚ್ಚಿದ ಮೇಲೆ ಒಲ್ಲೆ ಎನ್ನುವುದು ಹೇಗೆ?

ಮಾರನೆಯ ದಿನ ಸುಬ್ಬಿ ಎಂದಿನಂತೆ ತನ್ನ ಪಾಲಿನ ಓಡುಗಳನ್ನು ಹೊರಗೆ ಒಯ್ದಳು, ಅದ್ದಿದಳು, ನೇತುಹಾಕಿದಳು, ಕಾದಳು. ಚೆನ್ನಪ್ಪನಿಗೆ ನಗುವೋ ನಗು. "ಕಾಯ್ತಾ ಕೂತಿರು, ನಿನ್ನ ಮಕ್ಕಳಿಗೆ ಮದುವೆ ಆಗಿರುತ್ತೆ!" ಎಂದು ಅಣಕಿಸಿದ. ಬುರುಡೆ ಬುರುಡೆ ನೀರು ತಂದು ಗಿಡಗಳ ಮೇಲೆ ಗಬಗಬ ಸುರಿದು ಕೈ ಝಾಡಿಸಿಕೊಂಡ. ಒಣಗಿದ ಮಣ್ಣು ಒಂದೇ ಸಲಕ್ಕೆ ಅಷ್ಟು ನೀರು ಕುಡಿಯುತ್ತದೆಯೇ? ಆದರೆ ಅದನ್ನೆಲ್ಲ ಯೋಚಿಸುವ ವ್ಯವಧಾನ ಅವನಿಗೆ ಎಲ್ಲಿತ್ತು!

ಊಟವಾಯಿತು. ಸುಬ್ಬಿ ತನ್ನ ಓಡುಗಳ ಕೆಳಗೆ ಮರಿಗಳನ್ನು ತಬ್ಬಿಕೊಂಡು ಮಲಗಿದಳು. ಚೆನ್ನಪ್ಪನೂ ಹುಲ್ಲು ಹಾಸಿ ಕಾಲು ಚಾಚಿದ. ಎಲ್ಲರೂ ಸುತ್ತ ಕೂತು ನೋಡುತ್ತಿದ್ದರು.

ತೊಟ್! ಚೆನ್ನಪ್ಪನ ಮೂಗಿನ ಮೇಲೆ ಒಂದು ಹನಿ.

"ಆಹಾ, ಎಷ್ಟು ಬೆಚ್ಚಗಿದೆ!" ಎಂದ ಅವನು ಕಣ್ಣು ಮುಚ್ಚಿಯೇ.

ತೊಟ್, ತೊಟ್, ತೊಟ್! ಮೀಸೆಯ ತುಂಬ ಕೆಂಪು ಕೆಸರು. ಕರಡಿ ಮರಿಗಳು ಕಿಸಕ್ಕನೆ ನಕ್ಕವು.

"ಏನೋ ಚೆನ್ನಪ್ಪ, ಮಳೆ ಬರ್ತಿದೆಯಾ?" ಎಂದು ದ್ಯಾಮಕ್ಕ ಕೇಳಿದಳು.

"ಇ... ಇಲ್ಲಕ್ಕ! ಸೆಕೆಗೆ ಬೆವರು ಅಷ್ಟೆ."

ಅಷ್ಟರಲ್ಲಿ ನೀರು ಹೀರಿ ಭಾರವಾಗಿದ್ದ ಓಡೊಂದರ ಬಳ್ಳಿ ಪಟ್ಟನೆ ಹರಿಯಿತು. ಗಿಡ, ಮಣ್ಣು, ನೀರು ಎಲ್ಲವೂ ಧಡಕ್ಕನೆ ಚೆನ್ನಪ್ಪನ ತಲೆಯ ಮೇಲೆ! ಓಡು ಟೋಪಿಯಂತೆ ಕೂತುಬಿಟ್ಟಿತು. ಅವನು ಹೌಹಾರಿ ಎದ್ದು ಬಾಯಿ ತಪ್ಪಿ ಕೂಗಿದ:

"ಇದೇನಿದು! ನಿನ್ನೆ ಒಂದು ಬುರುಡೆ ಸುರಿದಾಗ ಇಷ್ಟೊಂದು ರಾಡಿ ಆಗಿರಲಿಲ್ಲವಲ್ಲ!"

ಚೆನ್ನಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಆದರೆ ಮಾತು ಆಗಲೇ ಹೊರಬಿದ್ದಿತ್ತು.

"ಓಹೋ, ನಿನ್ನೆಯದು ನಿನ್ನ ಕಿತಾಪತಿಯೋ!" ದ್ಯಾಮಕ್ಕ ಗುಟುರು ಹಾಕಿದಳು. ಆಮೇಲೆ ಸುಬ್ಬಿಯ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ತಪ್ಪಾಯ್ತು ಕಣಮ್ಮ. ಕೇಳದೆ ವಿಚಾರಿಸದೆ ನಿನ್ನ ಮೇಲೆ ಸಂಶಯಪಟ್ಟೆ. ಮಳೆಗಾಲ ಒಂದೇ ಅಲ್ಲ, ನಿನಗೆ ಬೇಕಾದಷ್ಟು ದಿನ ಆ ಮೂಲೆ ನಿಂದೇ."

ಸುಬ್ಬಿ ಎದ್ದು ನಿಂತಳು. ಅವಳ ಹಾಸಿಗೆಯಲ್ಲಿ ಒಂದು ಹನಿಯೂ ಇರಲಿಲ್ಲ. ಇಷ್ಟೆಲ್ಲ ಗದ್ದಲದಲ್ಲೂ ಮರಿಗಳು ಗಾಢ ನಿದ್ದೆಯಲ್ಲಿದ್ದವು. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ನಗುತ್ತಲೇ ಕಣ್ಣು ಒರೆಸಿಕೊಂಡಳು.

ಚೆನ್ನಪ್ಪ ತನ್ನ ಪೊದೆಬಾಲದಿಂದಲೇ ಗುಹೆಯ ನೆಲವನ್ನೆಲ್ಲ ಒರೆಸಬೇಕಾಯಿತು. ಮರುದಿನದಿಂದ ಓಡುಗಳನ್ನು ಹೊಂಡಕ್ಕೆ ಹೊರುವ ಕೆಲಸವೂ ಅವನ ಪಾಲಿಗೆ ಬಂತು. ಕೊಂಬೆಯ ಕೆಳಗೆ ಕೂತು ಅವನು "ಆಯ್ತಾ? ಒಳಗೆ ಕಟ್ಟಲಾ?" ಎಂದು ಗೊಣಗಿದಾಗಲೆಲ್ಲ ಸುಬ್ಬಿ ನಕ್ಕು ಒಂದೇ ಮಾತು ಕೇಳುತ್ತಿದ್ದಳು:

"ಅದರ ಕೆಳಗೆ ನೀನು ಮಲಗ್ತೀಯಾ ಚೆನ್ನಪ್ಪಣ್ಣ?"

ಚೆನ್ನಪ್ಪ ಮೂಗು ಒರೆಸಿಕೊಂಡು, ಇನ್ನೂ ಸ್ವಲ್ಪ ಹೊತ್ತು ಕಾಯುತ್ತಿದ್ದ.

ನೀತಿ: ಬೇರೆಯವರಿಗಾಗಿ ಮಾಡುವ ಕೆಲಸವನ್ನು ನಮಗಾಗಿಯೇ ಮಾಡಿಕೊಳ್ಳುವಷ್ಟು ಜೋಪಾನವಾಗಿ ಮಾಡಬೇಕು, ಇನ್ನೊಬ್ಬರ ಹೆಸರು ಕೆಡಿಸಲು ಹೂಡಿದ ಉಪಾಯ ನಮ್ಮ ತಲೆಯ ಮೇಲೆಯೇ ಬೀಳುತ್ತದೆ.