ಕೊಪ್ಪರಿಗೆ ಮನೆಯ ಬಾಳವ್ವ

ಬಹಳ ಹಿಂದೆ, ಎಷ್ಟು ಹಿಂದೆ ಅಂತ ನನ್ನನ್ನು ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ, ಮುತ್ತಲದಿನ್ನಿ ಎಂಬ ಒಂದು ಊರಿತ್ತಂತೆ. ಊರಿನ ಕೊನೆಯಲ್ಲಿ, ಹಳ್ಳಕ್ಕೆ ಇಳಿಯುವ ದಾರಿಯ ಪಕ್ಕ, ದೊಡ್ಡ ಅಂಗಳದ ಒಂದು ಮನೆ. ಅಂಗಳದ ತುಂಬ ತಾಮ್ರದ ಕೊಪ್ಪರಿಗೆಗಳು, ಹಂಡೆಗಳು, ಮೊಳದುದ್ದದ ಸೌಟುಗಳು, ಅಡುಗೆ ಕಲಕುವ ಆಳೆತ್ತರದ ಮರದ ಹುಟ್ಟುಗಳು. ಸುತ್ತಲಿನ ಹನ್ನೆರಡು ಹಳ್ಳಿಯಲ್ಲಿ ಯಾರ ಮನೆಯಲ್ಲಿ ಮದುವೆಯಾಗಲಿ, ತೊಟ್ಟಿಲಾಗಲಿ, ಅಡುಗೆಗೆ ಪಾತ್ರೆ ಹೋಗುವುದು ಆ ಮನೆಯಿಂದಲೇ. ಅದಕ್ಕೇ ಅದನ್ನು ಕೊಪ್ಪರಿಗೆ ಮನೆ ಅನ್ನುತ್ತಿದ್ದರು. ಬೆಳಗಿನ ಗಾಳಿ ಬೀಸಿದರೆ ಪಾತ್ರೆಗಳೆಲ್ಲ ಮೆಲ್ಲಗೆ ಗುಂಯ್‌ಗುಡುತ್ತಿದ್ದವಂತೆ, ಊರು ಆ ಸದ್ದಿಗೇ ಏಳುತ್ತಿತ್ತಂತೆ.

ಆ ಮನೆಯ ಯಜಮಾನ ಗುರಪ್ಪ. ಅವನಿಗೆ ತಾಯಿಯಿಲ್ಲದ ಒಬ್ಬಳೇ ಮಗಳು, ಬಾಳವ್ವ. ಮದುವೆ ಮುಗಿದು ಗಾಡಿಯಲ್ಲಿ ವಾಪಸು ಬಂದ ಪಾತ್ರೆಗಳನ್ನು ಹುಣಸೆಹುಳಿ, ಬೂದಿ ಹಾಕಿ ತಿಕ್ಕುವುದು ಅಪ್ಪ ಮಗಳ ಕೆಲಸ. ದೊಡ್ಡ ಕೊಪ್ಪರಿಗೆಯ ಒಳಗೆ ಇಳಿದು ಕೂತು ತಿಕ್ಕುವಷ್ಟು ಬಾಳವ್ವ ಸಣ್ಣವಳಿದ್ದಳು. ಅದರೊಳಗೆ ಕೂತಾಗ ಅವಳಿಗೆ ಮದುವೆಯ ಗದ್ದಲ ಕೇಳುತ್ತಿತ್ತಂತೆ. ಬಳೆಯ ಸದ್ದು, ಎಲೆ ಹಾಸುವ ಸದ್ದು, ಇನ್ನೊಂದಿಷ್ಟು ಹಾಕಿಸಿಕೊಳ್ಳಿ ಅನ್ನುವ ಉಪಚಾರ, ಎಲ್ಲ. ಕಣ್ಣು ಮುಚ್ಚಿ ಕೇಳುತ್ತ ಕೇಳುತ್ತ ಅಲ್ಲೇ ನಿದ್ದೆ ಹೋಗುತ್ತಿದ್ದಳಂತೆ. ತಾಮ್ರಕ್ಕೆ ಅಷ್ಟೆಲ್ಲ ನೆನಪಿರುತ್ತದೆಯೇ ಅಂತ ನೀವು ಕೇಳಬಹುದು. ನಾನು ನಂಬುವುದಿಲ್ಲ, ಆದರೆ ಹೇಳದೆ ಬಿಡುವುದೂ ಇಲ್ಲ.

ಆದರೆ ಬಾಳವ್ವ ಒಂದು ಮದುವೆಯ ಊಟವನ್ನೂ ಉಂಡವಳಲ್ಲ. ಗುರಪ್ಪನೂ ಉಂಡವನಲ್ಲ. ಅದಕ್ಕೊಂದು ಕಾರಣವಿತ್ತು. ಗುರಪ್ಪನ ಅಪ್ಪ ಒಮ್ಮೆ ಕರೆದರೆಂದು ಒಂದು ಮದುವೆಗೆ ಹೋಗಿ ಪಂಕ್ತಿಯಲ್ಲಿ ಕೂತಿದ್ದನಂತೆ. ಎಲೆಗೆ ಬಡಿಸಿಯೂ ಆಗಿತ್ತಂತೆ. ಅಷ್ಟರಲ್ಲಿ ಎದುರಿನವನೊಬ್ಬ, ಮುದುಕ ತನ್ನ ಹಂಡೆ ಕಾಯಲಿಕ್ಕೆ ಬಂದಿದ್ದಾನೆ ಅಂತ ನಗೆಯಾಡಿದ. ಮದುವೆ ಮನೆಯವರು ತಮ್ಮ ಕೈಯಲ್ಲಿ ನೆಗ್ಗಿಹೋಗಿದ್ದ ಅವನದೊಂದು ಹಂಡೆಯ ಮೇಲೆ ನಾಚಿಕೊಂಡು ಬಟ್ಟೆ ಮುಚ್ಚಿದರು. ಅದನ್ನು ಕಂಡು ಅವನು ತುತ್ತು ಮುಟ್ಟದೆ ಎಲೆ ಬಿಟ್ಟು ಎದ್ದ. ಪಾತ್ರೆ ಹೋದ ಮನೆಗೆ ಪಾತ್ರೆಯವರು ಊಟಕ್ಕೆ ಹೋಗಬಾರದು ಅಂತ ಅಂದೇ ಆ ಮನೆಯಲ್ಲಿ ಕಟ್ಟಳೆಯಾಯಿತು. ಪಾತ್ರೆ ಹೋಗದ ಮನೆ ಹನ್ನೆರಡು ಹಳ್ಳಿಯಲ್ಲಿ ಇರಲೇ ಇಲ್ಲವಲ್ಲ.

ಹಾಗಾಗಿ ಬಾಳವ್ವ ಅಡುಗೆ ಕಲಿತದ್ದು ಕೊಪ್ಪರಿಗೆಯ ತಳದಿಂದ. ಗೋಧಿ ಹುಗ್ಗಿಯ ಪಾತ್ರೆ ಬಂದರೆ ತಳಕ್ಕೆ ಬೆರಳಾಡಿಸಿ ಹೇಳುತ್ತಿದ್ದಳಂತೆ. ಕಾಳು ಗಟ್ಟಿಯಾಗಿ ಅಂಟಿದೆ, ಅಂದರೆ ಗೋಧಿ ಬೇಯುವ ಮುಂಚೆಯೇ ಬೆಲ್ಲ ಸುರಿದಿದ್ದಾರೆ. ಒಂದೇ ಮಗ್ಗುಲಿಗೆ ಕರಿ ಹಿಡಿದಿದೆ, ಅಂದರೆ ಗಾಳಿ ಬಂದ ಕಡೆ ಒಲೆ ಹೂಡಿದ್ದಾರೆ. ನಡುವೆ ದುಂಡಗೆ ಸೀದಿದೆ, ಅಂದರೆ ಹುಟ್ಟು ಹಿಡಿದವರು ಮಾತಿಗೆ ಕೂತಿದ್ದಾರೆ. ಯಾವ ಅಡುಗೆಯವನ ಕೈಗುಣ ಎಂಥದು ಅಂತ ಅವನ ಹೆಂಡತಿಗಿಂತ ಇವಳಿಗೇ ಚೆನ್ನಾಗಿ ಗೊತ್ತಿತ್ತು. ಬೆಳೆಯುತ್ತ ಬೆಳೆಯುತ್ತ ಅವಳಿಗೆ ಒಂದೇ ಆಸೆ. ತಾನೊಮ್ಮೆ ನೂರಾರು ಮಂದಿಗೆ ಅಡುಗೆ ಮಾಡಬೇಕು, ಅಪ್ಪ ಒಮ್ಮೆ ಮದುವೆಯೂಟದ ಎಲೆಯ ಮುಂದೆ ಕೂತು ತುತ್ತೆತ್ತಬೇಕು.

ಒಂದು ಮುಂಜಾನೆ, ಮಂಜು ಇನ್ನೂ ಹಂಡೆಗಳ ಬಾಯಲ್ಲೇ ಇತ್ತಂತೆ, ಪಕ್ಕದೂರಿನ ಚನ್ನಬಸಪ್ಪ ಏದುಸಿರು ಬಿಡುತ್ತ ಬಂದ. ಅವನ ಮೊಮ್ಮಗಳ ಮದುವೆ ಆ ದಿನವೇ. ಪಾತ್ರೆ ಹಿಂದಿನ ದಿನವೇ ಹೋಗಿತ್ತು. ಅಡುಗೆಯವನ ಕೈಯ ಮೇಲೆ ಕುದಿನೀರು ಬಿದ್ದು ಅವನು ಮಲಗಿಬಿಟ್ಟಿದ್ದ. ಗುರಪ್ಪ ತನಗೆ ಗೊತ್ತಿದ್ದ ಅಡುಗೆಯವರ ಹೆಸರನ್ನೆಲ್ಲ ಹೇಳಿದ. ಲಗ್ನದ ದಿನ, ಎಲ್ಲರೂ ಒಂದೊಂದು ಊರಿಗೆ ಹೋಗಿಯಾಗಿತ್ತು. ಆಗ ಬಾಳವ್ವ ಕೈಯ ಬೂದಿ ತೊಳೆದುಕೊಂಡು ಎದ್ದು ನಿಂತಳಂತೆ, ತಾನು ಹೋಗುತ್ತೇನೆ ಅಂದಳಂತೆ.

ಗುರಪ್ಪ ಕೈಯಲ್ಲಿದ್ದ ಹಂಡೆಯನ್ನು ಕೆಳಗಿಟ್ಟ. ಊಟ ಕೆಟ್ಟರೆ ಜನ ಅಡುಗೆಯವಳನ್ನಷ್ಟೇ ಬೈಯುವುದಿಲ್ಲ. ಕೊಪ್ಪರಿಗೆ ಮನೆಯ ಪಾತ್ರೆಯೇ ಸರಿಯಿಲ್ಲ ಅನ್ನುತ್ತಾರೆ, ಶುಭಕಾರ್ಯಕ್ಕೆ ಆ ಪಾತ್ರೆ ಬೇಡ ಅನ್ನುತ್ತಾರೆ. ಅಪ್ಪ, ಅಜ್ಜ ಕಟ್ಟಿದ ಮನೆ ಅಲ್ಲಿಗೆ ಮುಗಿಯಿತು.

"ನೀ ಒಂದರ ಮದಿವಿ ಊಟ ಉಂಡೀಯೇನ?" ಅಂದ.

"ಉಂಡಿಲ್ಲ ಯಪ್ಪಾ. ಆದ್ರ ಉಂಡ ಪಾತ್ರಿ ಎಲ್ಲಾ ನೋಡೇನಿ," ಅಂದಳು.

ಗುರಪ್ಪ ಕೆಳಗಿಟ್ಟ ಹಂಡೆಯ ತಳಕ್ಕೆ ಒಮ್ಮೆ ಅಂಗೈ ಆಡಿಸಿದ. ಆಮೇಲೆ, ಹೋಗು, ಪಾತ್ರೆ ವಾಪಸು ಬರಲಿ, ತಳ ನೋಡಿ ಮಾತಾಡೋಣ ಅಂದ. ಅಷ್ಟೇ ಅಂದದ್ದು.

ಬಾಳವ್ವ ಹೋದಳು. ಒಲೆಗೆ ಗಾಳಿ ಬಾರದ ಮಗ್ಗುಲು ನೋಡಿದಳು, ಬೆಲ್ಲವನ್ನು ಬೇರೆ ಇಡಿಸಿದಳು, ಎಲ್ಲ ಸರಿಯಾಗಿಯೇ ಮಾಡಿದಳು. ಆದರೆ ಗೋಧಿ ಎಷ್ಟು ಹಾಕಬೇಕು ಎಂಬುದು ಅವಳಿಗೆ ತಿಳಿದಿರಲಿಲ್ಲ. ಯಾರನ್ನೂ ಕೇಳಲಿಲ್ಲ, ಕೊಪ್ಪರಿಗೆಯನ್ನೇ ಕೇಳಿದಳು. ದೊಡ್ಡ ಕೊಪ್ಪರಿಗೆಯ ಒಳಗೆ, ಕಂಠದ ಕೆಳಗೆ, ಎಷ್ಟೋ ಮದುವೆಯ ಹುಗ್ಗಿ ನಿಂತು ನಿಂತು ಬಿದ್ದ ಒಂದು ಗೆರೆಯಿತ್ತು. ಎಷ್ಟು ತಿಕ್ಕಿದರೂ ಹೋಗದ ಗೆರೆ. ನೆನೆದ ಗೋಧಿಯನ್ನೂ ನೀರನ್ನೂ ಆ ಗೆರೆಯವರೆಗೆ ತುಂಬಿದಳು. ಅಂದಿನ ಮದುವೆಗೂ ಮಾರನೆಯ ದಿನದ ಬೀಗರೂಟಕ್ಕೂ ಅಂತ ನೆನೆಸಿಟ್ಟಿದ್ದ ಗೋಧಿಯೆಲ್ಲ ಅದರಲ್ಲೇ ಖಾಲಿಯಾಯಿತು.

ಆ ಗೆರೆ ಬೆಂದು ಅರಳಿದ ಹುಗ್ಗಿಯದು, ಮಕ್ಕಳೇ. ತಿಕ್ಕುವವರಿಗೆ ಕಾಣುವುದು ಮುಗಿದ ಊಟ. ಶುರುವಾಗುವ ಊಟವನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ಗೋಧಿ ಅರಳಿತು. ಅರಳುತ್ತಲೇ ಹೋಯಿತು. ಕೊಪ್ಪರಿಗೆಯ ಕಂಠ ದಾಟಿತು, ಅಂಚಿಗೆ ಬಂತು. ಅಷ್ಟು ತುಂಬಿದ ಪಾತ್ರೆಯಲ್ಲಿ ಹುಟ್ಟು ತಳ ಮುಟ್ಟುವುದಿಲ್ಲ, ಹುಟ್ಟು ತಳ ಮುಟ್ಟದಿದ್ದರೆ ಹುಗ್ಗಿ ಸೀಯುತ್ತದೆ. ಬಾಳವ್ವನಿಗೆ ಅಪ್ಪನ ಅಂಗೈ ಕಣ್ಣ ಮುಂದೆ ಬಂತಂತೆ, ತಳ ಸವರುವ ಅಂಗೈ. ಅವಳು ಸಾಲಾಗಿ ಏಳು ಒಲೆ ಹೂಡಿಸಿದಳು. ನೀರಿನ ಹಂಡೆ, ಅನ್ನದ ಹಂಡೆ, ಸಿಕ್ಕಿದ್ದಕ್ಕೆಲ್ಲ ಹುಗ್ಗಿ ಹಂಚಿದಳು. ಒಂದೊಂದು ಒಲೆಯ ಮುಂದೆ ಒಬ್ಬೊಬ್ಬ ಹೆಣ್ಣುಮಗಳನ್ನು ನಿಲ್ಲಿಸಿ, ತಾನು ಏಳಕ್ಕೂ ಓಡಾಡಿದಳು. ಚನ್ನಬಸಪ್ಪ ಬಂದು ನೋಡಿ ತಲೆಯ ಮೇಲೆ ಕೈಹೊತ್ತ.

"ನಾಳಿ ಬೀಗರಿಗೆ ಏನ್ ಹಾಕ್ಲಿ ತಂಗಿ, ಹಿತ್ತಲ ಮಣ್ಣ?"

"ಇವತ್ತಿಂದು ಆಗಲಿ ಯಜಮಾನ್ರ, ಆಮ್ಯಾಲೆ ಎಷ್ಟರ ಬೈರಿ," ಅಂದಳಂತೆ, ಹುಟ್ಟು ಬಿಡದೆ.

ಗೋಧಿ ಬೆಂದು ಹಣ್ಣಾದ ಮೇಲೆ ಬೆಲ್ಲ ಬಿತ್ತು, ಕೊಬ್ಬರಿ ಬಿತ್ತು, ಗಸಗಸೆ, ಏಲಕ್ಕಿ ಬಿತ್ತು. ಆಗ ಎದ್ದ ಪರಿಮಳ ಹಳ್ಳ ದಾಟಿತಂತೆ, ದಿನ್ನೆ ಹತ್ತಿ ಇಳಿಯಿತಂತೆ. ಹೊಲದಲ್ಲಿ ಎತ್ತುಗಳು ನಿಂತುಬಿಟ್ಟವಂತೆ. ಕರೆದವರು ಉಂಡರು, ಎರಡು ಸಲ ಉಂಡರು, ಹುಗ್ಗಿ ಮುಗಿಯಲಿಲ್ಲ. ಆಗ ಬಾಳವ್ವ ಚನ್ನಬಸಪ್ಪನಿಗೆ ಕೈಮುಗಿದು, ಯಾರೂ ಕರೆಯದವರನ್ನು ಕರೆಯಿರಿ ಅಂದಳು. ಗಾಡಿ ಹೊಡೆಯುವವರು ಬಂದರು. ಊಟಕ್ಕೆ ಮುತ್ತಲ ಎಲೆ ಹಚ್ಚುವವರು ಬಂದರು. ಪಾತ್ರೆಗೆ ಕಲಾಯಿ ಹಾಕುವವರು ಗುಡಾರ ಬಿಟ್ಟು ಮಕ್ಕಳು ಮರಿ ಸಮೇತ ಬಂದರು. ದಾರಿಯಲ್ಲಿ ಹೋಗುತ್ತಿದ್ದವರು ಪರಿಮಳ ಹಿಡಿದು ಬಂದರು. ಹೊತ್ತು ಇಳಿಯುವವರೆಗೆ ಪಂಕ್ತಿಯ ಮೇಲೆ ಪಂಕ್ತಿ. ಸೂರ್ಯನೂ ಒಂದು ಗಳಿಗೆ ತಡೆದು ಹೋದ ಅನ್ನುತ್ತಾರೆ, ಅದನ್ನು ನಾನು ಪ್ರಮಾಣ ಮಾಡಿ ಹೇಳಲಾರೆ.

ಬೀಗರ ಕಡೆಯ ಹಿರಿಯ ಹೊಟ್ಟೆ ಸವರಿಕೊಳ್ಳುತ್ತ ಚನ್ನಬಸಪ್ಪನ ಹತ್ತಿರ ಬಂದ. "ನಾಳಿನ ಊಟಾನೂ ಇವತ್ತ ಉಂಡ್ವಿ. ನಾಳಿ ಬರೇ ನೀರ್ ಕೊಡ್ರಿ, ಸಾಕು," ಅಂದ. ಚನ್ನಬಸಪ್ಪನಿಗೆ ಬೈಯಲು ಏನೂ ಉಳಿಯಲಿಲ್ಲ.

ಮರುದಿನ ಪಾತ್ರೆಯ ಗಾಡಿಗಳ ಹಿಂದೆ ಬಾಳವ್ವ ನಡೆದು ಬಂದಳು. ಗುರಪ್ಪ ಅಂಗಳದಲ್ಲಿ ನಿಂತಿದ್ದ. ಒಂದೊಂದೇ ಹಂಡೆ ಇಳಿಸಿಕೊಂಡು ತಳಕ್ಕೆ ಅಂಗೈ ಆಡಿಸಿದ. ಎಲ್ಲೂ ಕರಿಯಿಲ್ಲ, ಎಲ್ಲೂ ಕಾಳು ಕಚ್ಚಿಲ್ಲ. ಕೊನೆಗೆ ದೊಡ್ಡ ಕೊಪ್ಪರಿಗೆ ಬಂತು. ಅದರ ಬಾಯಿಗೆ ಮುತ್ತಲ ಎಲೆ ಮುಚ್ಚಿತ್ತು. ಸರಿಸಿ ನೋಡಿದರೆ ತಳದಲ್ಲಿ ಎರಡು ಸೌಟು ಹುಗ್ಗಿ.

"ಮದಿವಿಗೆ ನೀ ಬರಂಗಿಲ್ಲಲ್ಲ ಯಪ್ಪಾ," ಅಂದಳು ಬಾಳವ್ವ. "ಅದಕ್ಕ ಇಲ್ಲಿಗೇ ತಂದೆ."

ಗುರಪ್ಪ ಕೊಪ್ಪರಿಗೆಯ ಅಂಚು ಹಿಡಿದುಕೊಂಡು ನಿಂತ. ಅವನಿಗೆ ತನ್ನ ಅಪ್ಪ ಬಿಟ್ಟು ಎದ್ದ ಎಲೆ ನೆನಪಾಯಿತೋ ಏನೋ, ಕಣ್ಣು ತುಂಬಿ ಬಂತು. ಆಮೇಲೆ ಹೋಗಿ ಕೈಕಾಲು ತೊಳೆದು ಬಂದ. ಪಾತ್ರೆಗಳ ಸಾಲಿನ ಕೊನೆಯಲ್ಲಿ, ಪಂಕ್ತಿಯಲ್ಲಿ ಕೂತವನ ಹಾಗೆ, ಚಕ್ಕಳಮಕ್ಕಳ ಹಾಕಿ ಕೂತ.

"ಬಾಳಾ, ಎಲಿ ಹಾಕು," ಅಂದ.

ಹಾಕಿದಳು. ಉಂಡ. ಏನು ಹೇಳುತ್ತಾನೋ ಅಂತ ಬಾಳವ್ವ ಸೌಟು ಹಿಡಿದು ನಿಂತಿದ್ದಳು. ಗುರಪ್ಪ ಎಲೆಯ ಮೇಲಿನದನ್ನು ಒಂದು ಬದಿಗೆ ಸರಿಸಿ ಜಾಗ ಮಾಡಿದ.

"ಇನ್ನೊಂದೀಟು ಹಾಕು," ಅಂದ.

ಅಲ್ಲಿಂದ ಮುಂದೆ ಕೊಪ್ಪರಿಗೆ ಕೇಳಲು ಬಂದವರು ಕೊಪ್ಪರಿಗೆಯ ಜೊತೆ ಬಾಳವ್ವನನ್ನೂ ಕೇಳತೊಡಗಿದರು. ಆ ದಿನ ಏಳು ಒಲೆಗೆ ನಿಂತಿದ್ದ ಹೆಣ್ಣುಮಕ್ಕಳೇ ಅವಳ ಮೇಳವಾದರು. ಅವಳು ಕೊಪ್ಪರಿಗೆಯನ್ನು ಬೆರಳಿನಿಂದ ತಟ್ಟಿದರೆ ಎಷ್ಟು ಮಂದಿ ಬರುತ್ತಾರೆಂದು ಅದೇ ಹೇಳುತ್ತಿತ್ತಂತೆ. ಅವಳ ಒಲೆಗೆ ಮಳೆ ಹನಿಯುತ್ತಿರಲಿಲ್ಲವಂತೆ. ಇರಬಹುದು. ಅವಳು ಅಡುಗೆಗೆ ನಿಂತ ಮನೆಯಲ್ಲೆಲ್ಲ ಯಾರೂ ಕರೆಯದವರಿಗೂ ಒಂದು ಪಂಕ್ತಿ ಹಾಕಿಸುತ್ತಿದ್ದಳು ಎಂಬುದನ್ನು ಮಾತ್ರ ಎಲ್ಲರೂ ಒಂದೇ ಥರ ಹೇಳುತ್ತಾರೆ.

ಈಗ ಆ ಮನೆಯಿಲ್ಲ, ಆ ತಾಮ್ರವೂ ಇಲ್ಲ. ಪೆಂಡಾಲಿನ ಅಂಗಡಿಯಿಂದ ಸ್ಟೀಲಿನ ಪಾತ್ರೆ ಬರುತ್ತದೆ, ಟೆಂಪೋದಲ್ಲಿ ವಾಪಸು ಹೋಗುತ್ತದೆ. ಆದರೆ ಆ ಹನ್ನೆರಡು ಹಳ್ಳಿಯಲ್ಲಿ ಇವತ್ತಿಗೂ ಬಾಡಿಗೆಯ ಪಾತ್ರೆಯನ್ನು ಬರಿದು ಮಾಡಿ ಕಳಿಸುವುದಿಲ್ಲ. ದೊಡ್ಡದೊಂದರ ತಳದಲ್ಲಿ ಎರಡು ಸೌಟು ಊಟ ಬಿಟ್ಟು, ಮೇಲೊಂದು ಎಲೆ ಮುಚ್ಚುತ್ತಾರೆ. ಅಂಗಡಿಯಲ್ಲಿ ಪಾತ್ರೆ ತಿಕ್ಕುವವರು ಮೊದಲು ಅದನ್ನು ಉಂಡು, ಆಮೇಲೆ ಬೂದಿ ಮುಟ್ಟುತ್ತಾರೆ. ಇದು ಯಾರ ಪಾಲು ಅಂತ ಕೇಳಿ ನೋಡಿ. ಬಾಳವ್ವನ ಹೆಸರು ಯಾರೂ ಹೇಳುವುದಿಲ್ಲ. ಗುರಪ್ಪನ ಎಲಿ ಅನ್ನುತ್ತಾರೆ.