ಕಣದಲ್ಲಿ ಬಾಯಿ ತೆಗೆದ ಫೋನು

"ಗುರುಗಳೇ, ಇನ್ನೂ ಏನು ಕೊಡಲಿ?" ಎಂದು ಶಿಷ್ಯ ಕೇಳಿದ.

ಊರೂರಿಗೆ ಸುದ್ದಿ ಮುಟ್ಟಿಸುವುದು ಅವನ ಕೆಲಸ. ಎರಡು ಎಕರೆ, ಮೂರು ಎಕರೆಯ ಸಣ್ಣ ರೈತರ ಫೋನಿಗೆ ದಿನವೂ ಬೆಳಿಗ್ಗೆ ಒಂದು ದನಿ ಹೋಗುತ್ತದೆ. ಮಳೆ ಬರುತ್ತದೋ ಇಲ್ಲವೋ, ಯಾವ ಹುಳಕ್ಕೆ ಯಾವ ಔಷಧಿ, ಸಂತೆಯಲ್ಲಿ ಈರುಳ್ಳಿ ಹೇಗಿದೆ, ಎಲ್ಲ ಹೇಳುತ್ತದೆ. ಓದು ಬಾರದವರಿಗೂ ತಿಳಿಯಲಿ ಎಂದು ಅಕ್ಷರದ ಬದಲು ದನಿ.

"ನಾಲ್ಕು ಸಾವಿರ ಫೋನಿಗೆ ಮುಟ್ಟಿಸಿದ್ದೇನೆ, ಪಟ್ಟಿ ತಂದಿದ್ದೇನೆ ನೋಡಿ" ಎಂದ. "ಆದರೂ ಒಂದು ಊರಿನಲ್ಲಿ ಸುದ್ದಿ ಕೆಲಸಕ್ಕೆ ಬರುತ್ತದೆ, ಪಕ್ಕದ ಊರಿನಲ್ಲಿ ಬರುವುದಿಲ್ಲ. ಅದೇ ಸುದ್ದಿ, ಅದೇ ಫೋನು. ದೊಡ್ಡ ಫೋನು ಕೊಡಿಸಲೋ? ದಿನಕ್ಕೆ ಎರಡು ಸಲ ಹೇಳಿಸಲೋ?"

ಗುರುಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ಕೂತುಕೋ. ಕೇಳು" ಎಂದರು.

ಎರೆಮಣ್ಣಿನ ಒಂದು ಊರು. ಅಲ್ಲಿ ಏಳು ಮಂದಿ ಸಣ್ಣ ರೈತರು. ಏಳು ಮಂದಿಗೂ ಸೇರಿ ಒಂದೇ ಕಣ. ಒಬ್ಬೊಬ್ಬನೂ ತನ್ನ ಹೊಲದ ಒಂದು ಮೂಲೆಯಲ್ಲಿ ಬೀಜದ ಜೋಳ ಬೆಳೆಯುತ್ತಿದ್ದ. ಒಕ್ಕಿದ ಮೇಲೆ ಏಳೂ ಪಾಲು ಒಂದೇ ರಾಶಿ. ಮುಂದಿನ ಬಿತ್ತನೆಗೆ ಏಳು ಮನೆಗೂ ಅದೇ ಬೀಜ. ಅಜ್ಜಂದಿರ ಕಾಲದ ತಳಿ ಅದು, ಅಂಗಡಿಯಲ್ಲಿ ಕೇಳಿದರೆ ಸಿಗುವುದಲ್ಲ. ಆ ರಾಶಿ ಒಮ್ಮೆ ನೆನೆಯಿತೋ, ಕಣದಲ್ಲೇ ಮೊಳಕೆ ಒಡೆಯಿತು. ಮೊಳಕೆ ಒಡೆಯಿತೋ, ತಳಿಯೇ ಹೋಯಿತು.

ಏಳು ಮಂದಿಯಲ್ಲಿ ಒಬ್ಬನಿಗೆ ಫೋನೆಂದರೆ ಪ್ರಾಣ. ಬೆಳಗಿನ ದನಿ ಮುಗಿಯುವವರೆಗೆ ಚಹಾ ಕೂಡ ಕುಡಿಯುತ್ತಿರಲಿಲ್ಲ. ಉಳಿದವರು ಅವನನ್ನು ಕಾಡದೆ ಬಿಡುತ್ತಿರಲಿಲ್ಲ.

"ಏನಪಾ ಬಾಳಪ್ಪ, ಇವತ್ತು ಮೋಡ ನಿನಗ ಫೋನ್ ಹಚ್ಚಿತ್ತೇನು?"

"ಹಚ್ಚಿತ್ತಪಾ. ನಿನ್ನ ಹೊಲದ ದಾರಿ ಕೇಳ್ತು. ನಾ ಹೇಳಲಿಲ್ಲ."

ಬಾಳಪ್ಪನ ಹೊಲಕ್ಕೆ ತಾಗಿ ಒಬ್ಬ ಹೆಂಗಸಿನ ಅರ್ಧ ಎಕರೆ. ಬದನೆ ಬೆಳೆಯುತ್ತಿದ್ದಳು. ಏಳು ಮಂದಿಯ ರಾಶಿಯಲ್ಲಿ ಅವಳಿಗೆ ಪಾಲಿಲ್ಲ. ಅವಳದು ಗುಂಡಿ ಒತ್ತುವ ಹಳೆಯ ಫೋನು, ಅಕ್ಷರವೂ ಗೊತ್ತಿಲ್ಲ, ಅಂಕಿಯೂ ಗೊತ್ತಿಲ್ಲ. ಒಂದು ದಿನ ಬಾಳಪ್ಪ ತನ್ನ ಮಗಳ ಉಗುರುಬಣ್ಣ ತಂದು ಅವಳ ಫೋನಿನ ಮೂರು ಗುಂಡಿಗಳಿಗೆ ಮೂರು ಬಣ್ಣದ ಬೊಟ್ಟು ಇಟ್ಟುಕೊಟ್ಟ.

"ಕೆಂಪು ಒತ್ತಿದರ ಸುದ್ದಿ ಮೊದಲಿಂದ ಹೇಳ್ತೈತಿ. ಗುಲಾಬಿ ಒತ್ತಿದರ ನನಗ ಫೋನ್ ಬರ್ತೈತಿ. ಈ ನೇರಳೆ ಒತ್ತಿದರ ಜೋರ್ ಆಗ್ತೈತಿ, ನಿನ್ನ ಎಮ್ಮಿಗೂ ಕೇಳ್ತೈತಿ."

"ಎಮ್ಮಿಗ್ಯಾಕ ಬೇಕೋ ಈರುಳ್ಳಿ ರೇಟು?" ಎಂದಳು ಅವಳು. ಆದರೆ ಮೂರೂ ಬೊಟ್ಟು ಕಲಿತುಕೊಂಡಳು.

ರಾಶಿಯ ದಿನ ಬಂತು. ಆ ಊರಿನಲ್ಲಿ ಒಂದು ಕಟ್ಟಳೆ. ರಾಶಿ ಅಳೆಯುವಾಗ ಕಣದಲ್ಲಿ ಯಾರೂ ಬಾಯಿ ತೆಗೆಯುವಂತಿಲ್ಲ. ಮಾತು ಬಿದ್ದರೆ ರಾಶಿ ಇಳಿಯುತ್ತದೆ ಎಂದು ನಂಬಿಕೆ. ಮೊದಲ ಕೊಳಗ ತುಂಬಿದಾಗ ಏಳು ಮಂದಿಯಲ್ಲಿ ಹಿರಿಯ 'ಲಾಭ' ಎನ್ನುತ್ತಾನೆ, ಒಂದು ಎನ್ನುವುದಿಲ್ಲ. ಆಮೇಲೆ ಕೊನೆಯ ಕೊಳಗದವರೆಗೆ ಎಲ್ಲವೂ ಬೆರಳಿನಲ್ಲೇ.

ಕಣಕ್ಕೆ ಕಾಲಿಡುವ ಮೊದಲು ಹಿರಿಯ ಒಂದು ಚೀಲ ಹಿಡಿದು ನಿಂತ. "ಫೋನ್ ಬಂದ್ ಮಾಡಿ ಇದರಾಗ ಹಾಕ್ರಿ. ಅದೂ ಒಂದು ಬಾಯಿನ."

ಬಾಳಪ್ಪ ಆಕಾಶ ನೋಡಿದ. ತೊಳೆದಿಟ್ಟ ತಟ್ಟೆಯ ಹಾಗಿತ್ತು. ಬೆಳಗಿನ ದನಿಯೂ ಮಳೆಯ ಸುದ್ದಿ ಎತ್ತಿರಲಿಲ್ಲ. ಹಾಕಿದ. ಏಳು ಫೋನು ಚೀಲದಲ್ಲಿ, ಚೀಲ ಬೇವಿನ ಕೊಂಬೆಯಲ್ಲಿ. ಹಿರಿಯ 'ಲಾಭ' ಎಂದ. ಅಲ್ಲಿಗೆ ಮಾತು ನಿಂತಿತು.

ಮಧ್ಯಾಹ್ನ ಬದನೆ ಹೊಲದಲ್ಲಿ ಅವಳ ಫೋನು ಕೂಗಿತು. ಅದು ಕೂಗುವ ಹೊತ್ತಲ್ಲ. ಕಿವಿಗಿಟ್ಟಳು. ಗುಡ್ಡದ ಆಚೆ ಮೋಡ ಕಟ್ಟಿದೆ, ಅರ್ಧ ಗಂಟೆಯಲ್ಲಿ ದೊಡ್ಡ ಮಳೆ, ಒಕ್ಕಿದ ಕಾಳು ಮುಚ್ಚಿಕೊಳ್ಳಿ ಎಂದಿತು.

ಅವಳಿಗೆ ಮುಚ್ಚಲು ಕಾಳಿರಲಿಲ್ಲ. ಬದನೆಗೆ ಮಳೆ ಬಂದರೆ ಒಳ್ಳೆಯದೇ. ಆದರೆ ಕಣದ ನೆನಪಾಯಿತು. ಗುಲಾಬಿ ಒತ್ತಿದಳು. ಬಾಳಪ್ಪನ ಫೋನು ಬಂದ್ ಆಗಿದೆ ಎಂದು ದನಿ ಬಂತು. ಮತ್ತೆ ಒತ್ತಿದಳು. ಬಂದ್ ಆಗಿದೆ. ಬುಟ್ಟಿ ಅಲ್ಲೇ ಎಸೆದಳು, ಸೆರಗು ಸೊಂಟಕ್ಕೆ ಕಟ್ಟಿದಳು, ಓಡಿದಳು. ಮೂರು ಹೊಲ, ಒಂದು ಹಳ್ಳ. ಹಳ್ಳದ ಕೆಸರು ಒಂದು ಚಪ್ಪಲಿ ಇಟ್ಟುಕೊಂಡಿತು. ಇನ್ನೊಂದನ್ನು ಅವಳೇ ಕಿತ್ತೆಸೆದು ಓಡಿದಳು.

ಕಣದ ಅಂಚಿಗೆ ಬಂದು ನಿಂತಳು. ರಾಶಿ ಎದುರಿಗೇ ಇದೆ, ಇನ್ನೂ ಅರ್ಧ ಅಳೆದಿಲ್ಲ. ಕೂಗಬೇಕೆಂದವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಕಟ್ಟಳೆ ಅವಳಿಗೂ ಕಟ್ಟಳೆಯೇ. ಬಾಯಿ ತೆಗೆದು ರಾಶಿ ಇಳಿದರೆ ಏಳು ಮನೆಯ ಶಾಪ.

ಕೈ ಎತ್ತಿದಳು. ಆಕಾಶ ತೋರಿಸಿದಳು. ಹತ್ತೂ ಬೆರಳನ್ನು ಮೇಲಿನಿಂದ ಕೆಳಕ್ಕೆ ಸುರಿಸಿದಳು, ಮಳೆ, ಮಳೆ ಎಂದು. ರಾಶಿಯ ದಿನ ಕಣಕ್ಕೆ ಬಂದು ಕೈ ಚಾಚಿದವರಿಗೆ ಒಂದು ಮೊರ ಕಾಳು ಸುರಿಯುವುದು ಅಲ್ಲಿಯ ರೂಢಿ. ಏಳು ಮಂದಿಯೂ ಅವಳು ಕಾಳು ಕೇಳಲು ಬಂದಳು ಎಂದೇ ತಿಳಿದರು. ಒಬ್ಬ ನಕ್ಕ. ಹಿರಿಯ ಅಂಗೈ ತಗ್ಗಿಸಿ ಸನ್ನೆ ಮಾಡಿದ: ಕೂತುಕೋ, ಆಮೇಲೆ. ಅವಳು ಇನ್ನೂ ಜೋರಾಗಿ ಸುರಿಸಿದಳು. ಹಿರಿಯ ಎರಡು ಮೊರ ಎಂದು ಬೆರಳು ತೋರಿಸಿದ!

ಗುಡ್ಡದ ಕಡೆಯಿಂದ ತಣ್ಣಗೆ ಗಾಳಿ ಬಂತು. ಹೊಟ್ಟು ಹಾರಿತು.

ಆಗ ಅವಳು ಫೋನು ಹೊರಗೆ ತೆಗೆದಳು. ಕೆಂಪು ಒತ್ತಿದಳು. ನೇರಳೆ ಒತ್ತಿದಳು. ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದಳು.

"ನಮಸ್ಕಾರ ರೈತ ಬಾಂಧವರೇ!" ಎಂದಿತು ಫೋನು, ಕಣವೆಲ್ಲ ಕೇಳುವ ಹಾಗೆ.

ಏಳು ಮಂದಿಯೂ ಬೆಚ್ಚಿದರು. ಹಿರಿಯನ ಕೈಯ ಕೊಳಗ ಬಿತ್ತು. ಬಾರುಕೋಲು ಎತ್ತಿಕೊಂಡು ಅವಳ ಕಡೆ ಹೊರಟ. ಫೋನು ತನ್ನ ಪಾಡಿಗೆ ಬೆಳಗಿನ ಸುದ್ದಿಯಿಂದಲೇ ಶುರುಮಾಡಿ ಬದನೆಯ ಕಾಯಿಕೊರಕ ಹುಳದ ಸಮಾಚಾರ ಹೇಳತೊಡಗಿತು. ಅವಳು ಕದಲಲಿಲ್ಲ. ಕಣ್ಣು ಮುಚ್ಚಿ ನಿಂತಳು. ಕೋಲು ಮೇಲೆದ್ದಿತ್ತು, ಆಗ ದನಿ ಅಂದಿತು: "ಗುಡ್ಡದ ಆಚೆ ಮೋಡ ಕಟ್ಟಿದೆ. ಅರ್ಧ ಗಂಟೆಯಲ್ಲಿ ದೊಡ್ಡ ಮಳೆ. ಒಕ್ಕಿದ ಕಾಳು ಮುಚ್ಚಿಕೊಳ್ಳಿ."

ಕೋಲು ಇಳಿಯಿತು. ಎಲ್ಲರೂ ಗುಡ್ಡದ ಕಡೆ ತಿರುಗಿದರು. ಗುಡ್ಡದ ನೆತ್ತಿ ಕಪ್ಪಾಗಿತ್ತು.

ಓಡಿದರು ನೋಡು! ಬಂಡಿಯ ಕೆಳಗಿನ ತಾಡಪತ್ರಿ ಎಳೆದು ರಾಶಿಗೆ ಹೊದಿಸಿದರು. ಒಬ್ಬ ಹಗ್ಗ ಬಿಗಿದ, ಒಬ್ಬ ಕಲ್ಲು ಹೇರಿದ. ಬಾಳಪ್ಪ ಸುತ್ತಲೂ ಮಣ್ಣಿನ ಒಡ್ಡು ಎಳೆದ. ಒಬ್ಬರೂ ಒಂದು ಮಾತು ಆಡಲಿಲ್ಲ. ಕೊನೆಯ ಮೂಲೆಗೆ ಕಲ್ಲು ಸಿಗಲಿಲ್ಲ. ಅವಳೇ ಅದರ ಮೇಲೆ ಕೂತಳು. ಕೂತ ಕೂಡಲೇ ಮಳೆ ಬಿತ್ತು.

ಮಳೆ ನಿಂತಿತು. ತಾಡಪತ್ರಿ ತೆಗೆದರು. ರಾಶಿ ಬೆಚ್ಚಗಿತ್ತು, ಒಂದು ಕಾಳೂ ನೆನೆದಿರಲಿಲ್ಲ. ಮತ್ತೆ ಕೊಳಗ ಹಿಡಿದು ಕೊನೆಯವರೆಗೂ ಬಾಯಿ ಬಿಡದೆ ಅಳೆದರು. ಹೋದ ವರ್ಷಕ್ಕಿಂತ ಒಂದು ಕೊಳಗವೂ ಇಳಿದಿರಲಿಲ್ಲ. ಆಮೇಲೆ ಹಿರಿಯ ಅವಳ ಎದುರಿಗೆ ಬಂದು ನಿಂತ.

"ಫಕೀರವ್ವ, ಕಣದಾಗ ಮಾತು ಬಿತ್ತಲ್ಲವಾ!"

"ನಾ ಬಾಯಿ ತೆಗದಿಲ್ಲರಿ."

"ನಿನ್ನ ಫೋನ್ ತೆಗೀತಲ್ಲ?"

"ಅದು ಮೋಡದ ಮಾತರೀ ಯಜ್ಜಾ. ಮೋಡಕ್ಕ ಬಾಯಿ ಮುಚ್ಚು ಅನ್ನೂ ಕಟ್ಟಳೆ ನಿಮ್ಮಪ್ಪ ಮಾಡ್ಯಾನೇನು?"

ಹಿರಿಯ ಕೋಲು ಎಸೆದು ನಕ್ಕ. ಎಲ್ಲರೂ ನಕ್ಕರು. ಅವಳಿಗೆ ಎರಡು ಮೊರ ಅಲ್ಲ, ಎಂಟನೆಯ ಪಾಲೇ ಹಾಕಿದರು. ಬಾಳಪ್ಪ ಹಳ್ಳಕ್ಕೆ ಇಳಿದು ಅವಳ ಚಪ್ಪಲಿ ಹುಡುಕಿ ತಂದ.

ಮರುವರ್ಷ ರಾಶಿಯ ದಿನ ಏಳು ಫೋನೂ ಚೀಲಕ್ಕೆ ಬಿದ್ದವು. ಕಟ್ಟಳೆ ಹಾಗೆಯೇ ಉಳಿಯಿತು. ಕಣದ ಅಂಚಿಗೆ ಮಾತ್ರ ಒಂದು ಮಣೆ ಹಾಕಿದರು. ಅದರ ಮೇಲೆ ಫಕೀರವ್ವ ಕೂತಳು, ತೊಡೆಯ ಮೇಲೆ ಫೋನು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಕೂತಲ್ಲಿ ಕೂರಲಾಗಲಿಲ್ಲ.

"ಗುರುಗಳೇ, ಆ ಹೆಂಗಸಿನ ಫೋನು ಯಾವುದು ಹೇಳಿ! ಅಂಥದ್ದೇ ನಾಲ್ಕು ಸಾವಿರ ತರಿಸುತ್ತೇನೆ. ಮೂರು ಬೊಟ್ಟೂ ಇಡಿಸುತ್ತೇನೆ!"

ಗುರುಗಳು ಕೈಯಲ್ಲಿದ್ದ ಹುಣಸೆಬೀಜ ಕೆಳಗಿಟ್ಟರು. ಶಿಷ್ಯನ ಪಟ್ಟಿ ತೆಗೆದುಕೊಂಡು ಮೊದಲಿಂದ ಕೊನೆಯವರೆಗೆ ನೋಡಿದರು. ಹಿಂದಕ್ಕೆ ಕೊಟ್ಟರು.

"ಯಾರ ಹತ್ತಿರ ಫೋನಿದೆ ಎಂದು ಬರೆದಿದ್ದೀಯಪ್ಪ, ಯಾರು ಯಾರಿಗಾಗಿ ಓಡುತ್ತಾರೆ ಎಂಬುದನ್ನು ಎಲ್ಲಿ ಬರೆದಿದ್ದೀಯ?"